ಮನೆಯಲ್ಲೇ ಕೊರಿಯಾದ ಹೂರಣದ ಕೇಕು



ಬೋರ್ಡೋ ದ್ರಾವಣ, ಕಾಂಡಕೊರಕ, ಮಣ್ಣು ಪರೀಕ್ಷೆ, ಅಡಿಕೆ ಧಾರಣೆ ಇವುಗಳ ಬಗ್ಗೆ ಓದಿ ಅಭ್ಯಾಸವಾದ ತಮಗೆ ಈ ಪುಟದಲ್ಲಿ ಕೇಕಿನ ವಿಚಾರ ಕಂಡು ಆಶ್ಚರ್ಯವಾಗಬಹುದು. ಇದನ್ನು ಬರೆಯಲು ನಮಗೆ ಎರಡು ಕಾರಣಗಳಿವೆ. ಒಂದು, ಈ ತಿಂಡಿ ಕೊರಿಯಾದ್ದಾದರೂ ನಮ್ಮ ಅಡಿಗೆಮನೆಯ ಕಣಕ-ಹೂರಣ ಬಲ್ಲವರಿಗೆ ಕಷ್ಟದ್ದಲ್ಲ. ಎರಡು, ಇದರ ಹಿಂದೆ ಒಂದು ಮರದ ಬೆಳೆಯ ಮತ್ತು ಆ ಬೆಳೆಯಿಂದ ಹೆಸರು ಪಡೆದ ಒಂದು ಊರಿನ ಕಥೆ ಇದೆ. ತೋಟ ನಂಬಿ ಬದುಕುವ ನಾವು ಆ ಕಥೆಯನ್ನು ತಿಳಿದಿರುವುದು ಒಳ್ಳೆಯದು. ಮೊದಲು ಕಥೆ, ಆಮೇಲೆ ಪಾಠ, ಕೊನೆಗೆ ಲೆಕ್ಕ.

ಚೊನಾನ್ ಊರಿನ ಅಕ್ರೋಟು

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದಿಂದ ದಕ್ಷಿಣಕ್ಕೆ ಸುಮಾರು 85 ಕಿಲೋಮೀಟರ್ ದೂರದಲ್ಲಿ ಚೊನಾನ್ ಎಂಬ ಊರಿದೆ. ಅದರ ಸೀಮೆಯಲ್ಲಿ ಗ್ವಾಂಗ್‌ದೊಕ್ ಎಂಬ ಹಳೆಯ ಬೌದ್ಧ ದೇವಾಲಯವಿದ್ದು, ಅದರ ಮುಂದೆ ಸುಮಾರು 400 ವರ್ಷದ ಒಂದು ಅಕ್ರೋಟು ಮರ ನಿಂತಿದೆ. ಸರಕಾರ ಅದನ್ನು ರಕ್ಷಿತ ಮರವೆಂದು ಸಾರಿದೆ. 1290ರಲ್ಲಿ ರ್ಯು ಚೊಂಗ್‌ಸಿನ್ ಎಂಬ ಅಧಿಕಾರಿ ಚೀನದ ಯುವಾನ್ ಅರಸರ ನಾಡಿನಿಂದ ಅಕ್ರೋಟಿನ ಒಂದು ಸಸಿಯನ್ನೂ ಕೆಲವು ಬೀಜಗಳನ್ನೂ ತಂದು, ಸಸಿಯನ್ನು ದೇವಾಲಯದಲ್ಲೂ ಬೀಜವನ್ನು ತನ್ನ ಮನೆಯಂಗಳದಲ್ಲೂ ನೆಟ್ಟನೆಂದು ಆ ಕಡೆಯ ಐತಿಹ್ಯ ಹೇಳುತ್ತದೆ. ಈಗಿರುವ ಮರ ಆಗ ನೆಟ್ಟದ್ದಲ್ಲ ಎಂಬುದು ಅದರ ವಯಸ್ಸಿನಿಂದಲೇ ತಿಳಿಯುತ್ತದೆ. ಆದರೂ ಕೊರಿಯಾದಲ್ಲಿ ಅಕ್ರೋಟು ಮೊದಲು ಬೇರೂರಿದ್ದು ತಮ್ಮಲ್ಲಿ ಎಂದು ಊರಿನವರು ಹೆಮ್ಮೆ ಪಡುತ್ತಾರೆ. ಬಾಬಾಬುಡನ್ ತಂದ ಏಳು ಕಾಫಿ ಬೀಜಗಳ ಕಥೆ ಕೇಳಿ ಬೆಳೆದ ನಮಗೆ ಈ ಹೆಮ್ಮೆ ಅರ್ಥವಾಗದ್ದೇನಲ್ಲ.

1934ರಲ್ಲಿ ಚೊನಾನ್‌ನಲ್ಲಿ ಜೊ ಗ್ವಿಗುಮ್ ಮತ್ತು ಸಿಮ್ ಬೊಕ್‌ಸುನ್ ಎಂಬ ದಂಪತಿಗಳು ಒಂದು ಹೊಸ ತಿಂಡಿ ಮಾಡಿದರು. ಕೊರಿಯಾ ಆಗ ಜಪಾನಿನ ಆಳ್ವಿಕೆಯಲ್ಲಿತ್ತು. ಅಚ್ಚಿನಲ್ಲಿ ಹಿಟ್ಟು ಹೊಯ್ದು, ನಡುವೆ ಸಿಹಿ ಹೂರಣವಿಟ್ಟು ಬೇಯಿಸುವ ಜಪಾನೀ ತಿಂಡಿಗಳು ಅಲ್ಲಿ ಬಳಕೆಗೆ ಬಂದಿದ್ದವು. ಈ ದಂಪತಿಗಳು ಅಚ್ಚನ್ನು ಅಕ್ರೋಟಿನ ಆಕಾರಕ್ಕೆ ತಂದು, ಹೂರಣದ ಜೊತೆ ಒಂದು ಚೂರು ಅಕ್ರೋಟನ್ನೂ ಇಟ್ಟರು. ಹೆಸರು ಹೊದುಗ್ವಾಜ. ಹೊದು ಎಂದರೆ ಅಕ್ರೋಟು, ಗ್ವಾಜ ಎಂದರೆ ತಿಂಡಿ.

ಚೊನಾನ್ ರೈಲು ಹಾದಿಗಳು ಕವಲೊಡೆಯುವ ಜಂಕ್ಷನ್. ರೈಲು ನಿಲ್ದಾಣದಲ್ಲೂ ರೈಲಿನೊಳಗೂ ಈ ತಿಂಡಿ ಮಾರಾಟವಾಯಿತು. ಮನೆಗೆ ಹೋಗುವವರು ಒಂದು ಪೊಟ್ಟಣ ಹಿಡಿದೇ ಹೋಗುವ ರೂಢಿ ಬೆಳೆಯಿತು. ಇಂದು ಕೊರಿಯಾದ ಹೆದ್ದಾರಿಯ ತಂಗುದಾಣಗಳಲ್ಲೆಲ್ಲ ಇದು ಬಿಸಿಬಿಸಿಯಾಗಿ ಸಿಗುತ್ತದೆ. ಮದ್ದೂರು ಎಂದೊಡನೆ ನಮಗೆ ವಡೆ ನೆನಪಾಗುವಂತೆ, ಚೊನಾನ್ ಎಂದೊಡನೆ ಅಲ್ಲಿನವರಿಗೆ ಅಕ್ರೋಟಿನ ಕೇಕು ನೆನಪಾಗುತ್ತದೆ.

ಗ್ಯೊಂಗ್‌ಜುವಿನ ಪಾಂಗ್

ಎರಡನೆಯ ತಿಂಡಿ ಗ್ಯೊಂಗ್‌ಜು ಎಂಬ ಊರಿನದು. ಅದು ಹಿಂದಿನ ಸಿಲ್ಲಾ ಅರಸರ ರಾಜಧಾನಿ. ಗುಡ್ಡದಂತಹ ರಾಜಸಮಾಧಿಗಳಿಗೆ ಪ್ರಸಿದ್ಧ. ಅಲ್ಲಿನ ಹ್ವಾಂಗ್‌ನಾಮ್ ಎಂಬ ಕೇರಿಯಲ್ಲಿ 1939ರಲ್ಲಿ ಚ್ವೆ ಯೊಂಗ್‌ಹ್ವಾ ಎಂಬವರು ತೆಳು ಕಣಕದೊಳಗೆ ಕೆಂಪು ಕಾಳಿನ ಹೂರಣ ತುಂಬಿ, ಚಪ್ಪಟೆಯಾಗಿ ತಟ್ಟಿ, ಮೇಲೆ ಬಾಚಣಿಗೆಯ ಗೆರೆಯಂತಹ ಮುದ್ರೆ ಒತ್ತಿ ಬೇಯಿಸಿ ಮಾರತೊಡಗಿದರು. ಕೇರಿಯ ಹೆಸರಿನಿಂದ ಅದು ಹ್ವಾಂಗ್‌ನಾಮ್ ಪಾಂಗ್ ಆಯಿತು. ಇದರ ತೂಕದಲ್ಲಿ ಹತ್ತಕ್ಕೆ ಏಳು ಪಾಲು ಹೂರಣವೇ.

ಪಾಂಗ್ ಎಂದರೆ ರೊಟ್ಟಿ, ಬ್ರೆಡ್ಡು. ಪೋರ್ಚುಗೀಸರ ಮಾತು ಜಪಾನಿನ ಮೂಲಕ ಕೊರಿಯಾಕ್ಕೆ ಹೋಗಿ ಪಾಂಗ್ ಆಯಿತು. ಗೋವೆಯ ಮೂಲಕ ನಮ್ಮಲ್ಲಿಗೆ ಬಂದು ಪಾವ್ ಆಯಿತು. ಹೀಗೆ ಕೊರಿಯಾದ ಪಾಂಗ್ ಮತ್ತು ನಮ್ಮ ಪಾವ್ ಒಂದೇ ತಾಯಿಯ ಮಕ್ಕಳು.

ಹೂರಣಕ್ಕೆ ಯಾವ ಕಾಳು?

ಕೊರಿಯಾದವರು ಬಳಸುವುದು ಪತ್ ಎಂಬ ಸಣ್ಣ ಕೆಂಪು ಕಾಳು. ಚಳಿಗಾಲದ ಅತಿ ಉದ್ದದ ರಾತ್ರಿಯ ದಿನ ಇದರ ಗಂಜಿ ಮಾಡುವುದು ಅವರಲ್ಲಿ ಪದ್ಧತಿ. ಅದರ ಕೆಂಪು ಬಣ್ಣ ಕೆಟ್ಟದ್ದನ್ನು ದೂರವಿಡುತ್ತದೆಂಬ ನಂಬಿಕೆ. ನಮ್ಮ ಹೆಸರು, ಉದ್ದು, ಅಲಸಂದೆಗಳು ಈ ಕಾಳಿನ ಹತ್ತಿರದ ಬಂಧುಗಳು. ದೊಡ್ಡ ಪಟ್ಟಣಗಳ ಕೆಲವು ಅಂಗಡಿಗಳಲ್ಲಿ ಆಡ್ಜುಕಿ ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. ನಾವು ಮಾಡಿ ನೋಡಿದ್ದು ಮನೆಯಲ್ಲಿದ್ದ ಸಣ್ಣ ಕೆಂಪು ಅಲಸಂದೆಯಲ್ಲಿ. ಬಣ್ಣ ಸ್ವಲ್ಪ ಮಸುಕು, ರುಚಿ ಬಹಳ ಹತ್ತಿರ. ಕಡಲೆಬೇಳೆಯ ಹೂರಣ ಹಾಕಿದರೂ ತಿನ್ನಲು ಚೆನ್ನಾಗಿಯೇ ಇರುತ್ತದೆ, ಆದರೆ ಆಗ ಅದು ಹೋಳಿಗೆಯ ತಮ್ಮನಾಗುತ್ತದೆ.

ಹೂರಣ ಮಾಡುವ ಕ್ರಮ

ಬೇಕಾದದ್ದು: ಕೆಂಪು ಅಲಸಂದೆ 250 ಗ್ರಾಂ, ಸಕ್ಕರೆ 170 ಗ್ರಾಂ, ಉಪ್ಪು ಕಾಲು ಚಮಚ.

1. ಅಲಸಂದೆಯನ್ನು ಆರು ಗಂಟೆ ನೆನೆಸಿ. (ಆಡ್ಜುಕಿಯಾದರೆ ನೆನೆಸಬೇಕಾಗಿಲ್ಲ.)

2. ಹೊಸ ನೀರಿನಲ್ಲಿ ಐದು ನಿಮಿಷ ಕುದಿಸಿ, ಆ ನೀರನ್ನು ಚೆಲ್ಲಿಬಿಡಿ. ಕಾಳಿನ ಒಗರು, ಹಸಿ ವಾಸನೆ ಇದರಿಂದ ಹೋಗುತ್ತದೆ. ಕೊರಿಯಾದಲ್ಲೂ ಈ ಕ್ರಮ ರೂಢಿಯಲ್ಲಿದೆ.

3. ಮತ್ತೆ ನೀರು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಸೀಟಿ ಬರುವ ತನಕ ಬೇಯಿಸಿ. ಕಾಳನ್ನು ಎರಡು ಬೆರಳ ನಡುವೆ ಹಿಸುಕಿದರೆ ಬೆಣ್ಣೆಯಂತೆ ಕರಗಬೇಕು. ನಡುವೆ ಗಟ್ಟಿ ಸಿಕ್ಕಿದರೆ ಇನ್ನೂ ಬೇಯಿಸಿ. ಸಕ್ಕರೆ ಬಿದ್ದ ಮೇಲೆ ಕಾಳು ಮೆತ್ತಗಾಗುವುದಿಲ್ಲ.

4. ನೀರು ಬಸಿದು, ಕಾಳನ್ನು ಅರೆಯಿರಿ. ನಯವಾದ ಹೂರಣ ಬೇಕಾದವರು ಜರಡಿಯಲ್ಲಿ ಉಜ್ಜಿ ಸಿಪ್ಪೆ ತೆಗೆಯಬಹುದು. ನಾವು ಸಿಪ್ಪೆ ಸಹಿತವೇ ಮಾಡಿದೆವು.

5. ದಪ್ಪ ತಳದ ಬಾಣಲೆಯಲ್ಲಿ ಅರೆದ ಕಾಳು, ಸಕ್ಕರೆ, ಉಪ್ಪು ಹಾಕಿ ಹದ ಉರಿಯಲ್ಲಿ ಕೈ ಬಿಡದೆ ಮಗುಚಿ. ಸಟ್ಟುಗದಿಂದ ತಳದಲ್ಲಿ ಗೆರೆ ಎಳೆದಾಗ ಅದು ತಕ್ಷಣ ಮುಚ್ಚಿಕೊಳ್ಳದಿದ್ದರೆ ಹದ ಬಂದಂತೆ. ತಣಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ. ಸುಮಾರು 600 ಗ್ರಾಂ ಹೂರಣ ಸಿಗುತ್ತದೆ.

ಹೂರಣವನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳುವುದು ಉತ್ತಮ. ಬೆಚ್ಚಗಿನ ಹೂರಣ ಕಣಕವನ್ನು ಮೆತ್ತಗೆ ಮಾಡಿ ಕೈಕೊಡುತ್ತದೆ.

ಮೊದಲ ಪಾಠ: ಗ್ಯೊಂಗ್‌ಜು ರೀತಿಯ ಕೇಕು (16 ಆಗುತ್ತದೆ)

ಕಣಕಕ್ಕೆ: ಮೈದಾ 150 ಗ್ರಾಂ, ಮೊಟ್ಟೆ 1, ಸಕ್ಕರೆ ಪುಡಿ 50 ಗ್ರಾಂ, ಡಬ್ಬದ ಸಿಹಿ ಗಟ್ಟಿಹಾಲು (ಮಿಲ್ಕ್‌ಮೇಡಿನಂತಹದು) 20 ಗ್ರಾಂ, ಕರಗಿಸಿದ ಬೆಣ್ಣೆ 15 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಚಹಾ ಚಮಚ, ಉಪ್ಪು ಒಂದು ಚಿಟಿಕೆ. ಹೂರಣ 560 ಗ್ರಾಂ.

ಮೊಟ್ಟೆ, ಸಕ್ಕರೆ, ಗಟ್ಟಿಹಾಲು, ಉಪ್ಪು ಇವನ್ನು ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು ಸಕ್ಕರೆ ಕರಗುವ ತನಕ ಕಲಸಿ. ನೊರೆ ಬರಿಸಬೇಕಾಗಿಲ್ಲ. ತಣಿದ ಮೇಲೆ ಬೆಣ್ಣೆ ಸೇರಿಸಿ. ಮೈದಾ ಮತ್ತು ಬೇಕಿಂಗ್ ಪೌಡರನ್ನು ಒಟ್ಟಿಗೆ ಜರಡಿ ಹಿಡಿದು ಹಾಕಿ, ಸಟ್ಟುಗದಿಂದ ಹಗುರವಾಗಿ ಸೇರಿಸಿ. ಚಪಾತಿ ಹಿಟ್ಟಿನಂತೆ ನಾದಬಾರದು. ನಾದಿದರೆ ಕಣಕ ರಬ್ಬರಿನಂತಾಗುತ್ತದೆ. ಹಿಟ್ಟು ಕೈಗೆ ಅಂಟುವಷ್ಟು ಮೆತ್ತಗಿರುತ್ತದೆ, ಹೆದರಿ ಮೈದಾ ಸುರಿಯಬೇಡಿ. ಮುಚ್ಚಿ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಹದಕ್ಕೆ ಬರುತ್ತದೆ.

ಮೊಟ್ಟೆ ಬಳಸದ ಮನೆಯವರು 150 ಗ್ರಾಂ ಮೈದಾಕ್ಕೆ ಗಟ್ಟಿಹಾಲು 90 ಗ್ರಾಂ, ಕರಗಿದ ತುಪ್ಪ 20 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಚಮಚ ಹಾಕಿ, ಸೇರಿಕೊಳ್ಳುವಷ್ಟು ಹಾಲು ಚಿಮುಕಿಸಿ ಕಲಸಬಹುದು. ಬೇರೆ ಸಕ್ಕರೆ ಬೇಡ.

ಹೂರಣವನ್ನು ತಲಾ 35 ಗ್ರಾಂನಂತೆ 16 ಉಂಡೆ ಮಾಡಿ. ಇದು ನಿಂಬೆಹಣ್ಣಿನ ಗಾತ್ರ. ಕಣಕವನ್ನು ತಲಾ 18 ಗ್ರಾಂನಂತೆ 16 ಉಂಡೆ ಮಾಡಿ. ಇದು ದೊಡ್ಡ ನೆಲ್ಲಿಕಾಯಿಯ ಗಾತ್ರ. ಕೈಗೆ ಮೈದಾ ಸವರಿಕೊಂಡು ಕಣಕವನ್ನು ಅಂಗೈಯಲ್ಲಿ ತಟ್ಟಿ, ಹೂರಣವಿಟ್ಟು, ಹೋಳಿಗೆಗೆ ಮುಚ್ಚುವಂತೆಯೇ ತಿರುಗಿಸುತ್ತ ಮೇಲಕ್ಕೆ ತಂದು ಬಾಯಿ ಮುಚ್ಚಿ. ಬಾಯಿ ಕೆಳಗೆ ಬರುವಂತೆ ತಟ್ಟೆಯಲ್ಲಿಟ್ಟು ಅಂಗೈಯಿಂದ ಸ್ವಲ್ಪ ಒತ್ತಿ. ನಡುವೆ ಹೆಬ್ಬೆರಳಿನಿಂದ ಚೆನ್ನಾಗಿ ಗುಳಿ ಮಾಡಿ. ಇದು ಅಂದಕ್ಕೆ ಮಾತ್ರವಲ್ಲ; ನಡುಭಾಗ ತೆಳುವಾದರೆ ಒಳಗೆ ಬೇಗ ಬೇಯುತ್ತದೆ, ಉಬ್ಬಿ ಒಡೆಯುವುದಿಲ್ಲ. ಮೇಲೆ ಮೊಟ್ಟೆಯ ಹಳದಿಗೆ ಒಂದು ಚಮಚ ಹಾಲು ಬೆರೆಸಿ ಸವರಿ. ಮೊಟ್ಟೆ ಬೇಡವಾದರೆ ಹಾಲನ್ನೇ ಸವರಿ.

ಓವನ್ ಇರುವವರು 180 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿ, 15ರಿಂದ 18 ನಿಮಿಷ ಬೇಯಿಸಿ. ಓವನ್ ಇಲ್ಲದವರು ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಎರಡು ಬೆರಳು ಎತ್ತರ ಮರಳು ಹಾಸಿ, ಅದರ ಮೇಲೆ ಕುದುರೆಕಾಲಿನಂತಹ ಒಂದು ಆಧಾರವಿಟ್ಟು, ಮುಚ್ಚಿ 15 ನಿಮಿಷ ಕಾಯಿಸಿ. ಆಮೇಲೆ ಕೇಕಿನ ತಟ್ಟೆ ಇಳಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ 25ರಿಂದ 30 ನಿಮಿಷ ಬೇಯಿಸಿ. ಇದರಲ್ಲಿ ಮೇಲ್ಭಾಗ ಕೆಂಪಾಗುವುದಿಲ್ಲ. ಬೆಂದ ಮೇಲೆ ತುಪ್ಪ ಸವರಿದ ದೋಸೆ ಕಾವಲಿಯಲ್ಲಿ ಒಂದು ನಿಮಿಷ ಕವುಚಿ ಇಟ್ಟರೆ ಬಣ್ಣ ಬರುತ್ತದೆ.

ಎರಡನೆಯ ಪಾಠ: ಗುಳಿಯಪ್ಪದ ಕಾವಲಿಯಲ್ಲಿ ಹೊದುಗ್ವಾಜ (ಸುಮಾರು 24 ಆಗುತ್ತದೆ)

ಹೊದುಗ್ವಾಜಕ್ಕೆ ಕೊರಿಯಾದಲ್ಲಿ ಎರಡು ಹೋಳಿನ ಅಚ್ಚು ಇದೆ. ನಮ್ಮಲ್ಲಿ ಗುಳಿಯಪ್ಪದ ಕಾವಲಿ ಇದೆ. ಘಟ್ಟದ ಮೇಲಿನವರು ಇದನ್ನು ಪಡ್ಡಿನ ಹಂಚು ಎನ್ನುತ್ತಾರೆ. ಅಕ್ರೋಟಿನ ಗೆರೆ ಮೂಡುವುದಿಲ್ಲ ಎಂಬುದನ್ನು ಬಿಟ್ಟರೆ ಬೇರೆ ಕೊರತೆ ಇಲ್ಲ.

ಹಿಟ್ಟಿಗೆ: ಮೈದಾ 120 ಗ್ರಾಂ, ಮೊಟ್ಟೆ 2, ಸಕ್ಕರೆ 40 ಗ್ರಾಂ, ಹಾಲು 80 ಮಿಲಿಲೀಟರ್, ಕರಗಿಸಿದ ಬೆಣ್ಣೆ 20 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಹಾ ಚಮಚ, ಉಪ್ಪು ಒಂದು ಚಿಟಿಕೆ. ಹೂರಣ 290 ಗ್ರಾಂ. ಅಕ್ರೋಟಿನ ತಿರುಳು 50 ಗ್ರಾಂ. ಮೊಟ್ಟೆ ಬೇಡವಾದರೆ ಅದರ ಬದಲು ಗಟ್ಟಿ ಮೊಸರು 60 ಗ್ರಾಂ ಹಾಕಿ, ಹಾಲನ್ನು 120 ಮಿಲಿಲೀಟರಿಗೆ ಏರಿಸಿ.

ಅಕ್ರೋಟಿನ ತಿರುಳನ್ನು ಒಂದು ನಿಮಿಷ ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ಒರೆಸಿ, ಸಣ್ಣ ಉರಿಯಲ್ಲಿ ಹುರಿಯಿರಿ. ಸಿಪ್ಪೆಯ ಕಹಿ ಇದರಿಂದ ಕಡಿಮೆಯಾಗುತ್ತದೆ. ತಲಾ 2 ಗ್ರಾಂ ಬರುವಂತೆ ಚೂರು ಮಾಡಿ. ಹೂರಣವನ್ನು ತಲಾ 12 ಗ್ರಾಂನಂತೆ, ಅಂದರೆ ದೊಡ್ಡ ಚಾಲಿ ಅಡಿಕೆಯ ಗಾತ್ರಕ್ಕೆ ಉಂಡೆ ಕಟ್ಟಿ, ಪ್ರತಿ ಉಂಡೆಗೆ ಒಂದು ಚೂರು ಅಕ್ರೋಟು ಒತ್ತಿ.

ಮೊಟ್ಟೆ, ಸಕ್ಕರೆ ಕಲಸಿ, ಹಾಲು, ಬೆಣ್ಣೆ ಸೇರಿಸಿ, ಜರಡಿ ಹಿಡಿದ ಮೈದಾ, ಬೇಕಿಂಗ್ ಪೌಡರ್, ಉಪ್ಪು ಹಾಕಿ ಗಂಟಿಲ್ಲದಂತೆ ಕದಡಿ. ದೋಸೆ ಹಿಟ್ಟಿಗಿಂತ ದಪ್ಪವಿರಲಿ. ಅರ್ಧ ಗಂಟೆ ಬಿಡಿ.

ಕಾವಲಿ ಹದವಾಗಿ ಕಾದ ಮೇಲೆ ಗುಳಿಗಳಿಗೆ ಬೆಣ್ಣೆ ಸವರಿ, ಉರಿಯನ್ನು ಪೂರ್ತಿ ಸಣ್ಣದು ಮಾಡಿ. ಗುಳಿಯ ಮೂರನೇ ಒಂದು ಭಾಗದಷ್ಟು ಹಿಟ್ಟು ಹಾಕಿ, ಹೂರಣದ ಉಂಡೆಯಿಟ್ಟು, ಅದು ಮುಚ್ಚುವಷ್ಟು ಮತ್ತೆ ಹಿಟ್ಟು ಹಾಕಿ. ಮುಚ್ಚಳ ಮುಚ್ಚಿ ಮೂರು ನಿಮಿಷ ಬಿಡಿ. ಅಂಚು ಬಿಟ್ಟುಕೊಂಡಾಗ ಕಡ್ಡಿಯಿಂದ ತಿರುಗಿಸಿ ಇನ್ನೆರಡು ನಿಮಿಷ ಬೇಯಿಸಿ. ಗುಳಿಯಪ್ಪದಷ್ಟು ಎಣ್ಣೆ ಇದಕ್ಕೆ ಬೇಡ; ಇದು ಕರಿಯುವ ತಿಂಡಿಯಲ್ಲ.

ನಮಗಾದ ತಪ್ಪುಗಳು

ಮೊದಲ ಸಲ ನಾವು ಮಾಡಿದ 16 ಕೇಕುಗಳಲ್ಲಿ 11 ಒಡೆದವು. ಹೂರಣವನ್ನು ಸಾಕಷ್ಟು ಕಾಯಿಸಿರಲಿಲ್ಲ. ಅದರಲ್ಲಿ ಉಳಿದ ನೀರು ಓವನ್ನಿನಲ್ಲಿ ಆವಿಯಾಗಿ ಕಣಕವನ್ನು ಸೀಳಿತು. ಎರಡನೆಯ ಸಲ ಹೂರಣ ಸರಿಯಾಗಿತ್ತು, ಆದರೆ ಕಣಕ ಅಂಟುತ್ತದೆಂದು ಎರಡು ಹಿಡಿ ಮೈದಾ ಬೆರೆಸಿದೆವು. ಕೇಕು ಒಡೆಯಲಿಲ್ಲ, ಹಲ್ಲಿಗೂ ಬಗ್ಗಲಿಲ್ಲ. ಮೂರನೆಯ ಸಲ ಸರಿಬಂತು.

ಕಾವಲಿಯಲ್ಲಿ ಆಗುವ ತಪ್ಪು ಒಂದೇ: ಆತುರ. ಉರಿ ಜೋರಾದರೆ ಹೊರಗೆ ಕಪ್ಪಾಗಿ, ಹೂರಣದ ಸುತ್ತ ಹಸಿ ಹಿಟ್ಟು ಉಳಿಯುತ್ತದೆ. ಒಂದನ್ನು ಮುರಿದು ನೋಡಿ, ಉಳಿದವುಗಳ ಸಮಯ ನಿರ್ಧರಿಸಿ.

ಹೊದುಗ್ವಾಜವನ್ನು ಬಿಸಿಯಾಗಿರುವಾಗಲೇ ತಿನ್ನಬೇಕು. ಗ್ಯೊಂಗ್‌ಜು ಕೇಕು ಹಾಗಲ್ಲ. ಪೂರ್ತಿ ತಣಿದ ಮೇಲೆ ಡಬ್ಬದಲ್ಲಿ ಮುಚ್ಚಿಟ್ಟರೆ ಹೂರಣದ ತೇವ ಕಣಕಕ್ಕೆ ಇಳಿದು ಮರುದಿನ ಇನ್ನೂ ಮೃದುವಾಗುತ್ತದೆ. ಹೊರಗಿಟ್ಟರೆ ಎರಡು ದಿನ. ಮಳೆಗಾಲದ ನಮ್ಮ ತೇವಕ್ಕೆ ಒಂದೇ ದಿನ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇಡಬಹುದು. ಜೊತೆಗೆ ಸಕ್ಕರೆ ಕಡಿಮೆ ಹಾಕಿದ ನಮ್ಮ ಫಿಲ್ಟರ್ ಕಾಫಿ ಇದ್ದರೆ ಚೆನ್ನ.

ಬೆಳೆಗಾರರಿಗೆ ಇದರಲ್ಲೇನಿದೆ?

ಈಗ ಲೆಕ್ಕಕ್ಕೆ ಬರೋಣ. ಮೇಲಿನ ಅಳತೆಯಲ್ಲಿ ಬೆಂದ ಒಂದು ಹೊದುಗ್ವಾಜ ಸುಮಾರು 26 ಗ್ರಾಂ ತೂಗುತ್ತದೆ. ಅದರಲ್ಲಿ ಅಕ್ರೋಟು 2 ಗ್ರಾಂ. ಹದಿಮೂರರಲ್ಲಿ ಒಂದು ಪಾಲು. ಉಳಿದದ್ದು ಮೈದಾ, ಕಾಳು, ಸಕ್ಕರೆ, ಹಾಲು, ಮೊಟ್ಟೆ. ಆದರೂ ಹೆಸರು ಅಕ್ರೋಟಿನದು, ಆಕಾರ ಅಕ್ರೋಟಿನದು, ಊರಿನ ಕೀರ್ತಿ ಅಕ್ರೋಟಿನದು. ಎರಡು ಗ್ರಾಂ ಬೆಳೆಗೆ ಒಂದು ಊರಿನ ಹೆಸರನ್ನು ದೇಶಕ್ಕೆಲ್ಲ ಹರಡುವ ಶಕ್ತಿ ಇದೆ ಎಂಬುದು ಮೊದಲ ಪಾಠ. ಮರ ನೆಟ್ಟು ಆರು ನೂರು ವರ್ಷ ಕಳೆದರೂ ಆಗದ ಕೆಲಸವನ್ನು ದಂಪತಿಗಳಿಬ್ಬರು ಒಂದು ಅಚ್ಚು, ಒಂದು ರೈಲು ನಿಲ್ದಾಣ ಹಿಡಿದು ಮಾಡಿದರು.

ಎರಡನೆಯ ಪಾಠ ಅಷ್ಟು ಸಿಹಿಯಲ್ಲ. ದಕ್ಷಿಣ ಕೊರಿಯಾ ಇಂದು ಅಕ್ರೋಟನ್ನು ದೊಡ್ಡ ಪ್ರಮಾಣದಲ್ಲಿ ಹೊರಗಿನಿಂದ ತರಿಸುತ್ತದೆ, ಮುಖ್ಯವಾಗಿ ಅಮೆರಿಕದಿಂದ. ಪೊಟ್ಟಣದ ಮೇಲೆ ಊರಿನ ಹೆಸರಿದ್ದ ಮಾತ್ರಕ್ಕೆ ಒಳಗಿನ ಚೂರು ಆ ಊರಿನ ಮರದ್ದೇ ಎಂದು ಹೇಳಲು ಬರುವುದಿಲ್ಲ. ತಿಂಡಿ ಮಾಡುವವರು ಬದುಕಿದರು, ಮಾರುವವರು ಬದುಕಿದರು. ಆ ವ್ಯಾಪಾರ ಬೆಳೆದಂತೆಲ್ಲ ಮರ ಸಾಕುವವನ ಪಾಲು ಬೆಳೆಯಲೇಬೇಕೆಂಬ ನಿಯಮವೇನೂ ಇರಲಿಲ್ಲ.

ಇದನ್ನು ನಾವು ದೂರದ ಊರಿನ ಸುದ್ದಿಯೆಂದು ಬಿಡುವಂತಿಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳಿಗೂ, ಶಿರಸಿ ಅಡಿಕೆಗೂ ಭೌಗೋಳಿಕ ಗುರುತು ಸಿಕ್ಕಿತು. ಊರಿನ ಹೆಸರಿಗೆ ಕಾನೂನಿನ ಬೇಲಿ ಹಾಕಿದಂತಾಯಿತು. ಆದರೆ ಬೇಲಿ ಹಾಕಿದ ಮಾತ್ರಕ್ಕೆ ತೋಟದಲ್ಲಿ ಫಸಲು ಬಾರದು. ಆ ಹೆಸರನ್ನು ಬಳಸುವ ಹಕ್ಕು ಬೆಳೆಗಾರ ನೋಂದಾಯಿಸಿಕೊಂಡರೆ ಮಾತ್ರ ಅವನ ಕೈಯಲ್ಲಿ ಉಳಿಯುತ್ತದೆ. ಹುರಿದು, ಪುಡಿಮಾಡಿ, ಪೊಟ್ಟಣ ಕಟ್ಟುವ ಕೆಲಸವೆಲ್ಲ ಬೇರೆಯವರದ್ದಾದರೆ ಹೆಸರಿನ ಬೆಲೆಯೂ ಅವರದ್ದೇ ಆಗುತ್ತದೆ. ಒಬ್ಬೊಬ್ಬರಿಗೆ ಅದು ಭಾರ. ಹತ್ತು ಮನೆ ಸೇರಿದರೆ ಭಾರವಲ್ಲ. ಸಹಕಾರಿ ಇರುವುದು ಇದಕ್ಕೇ ಅಲ್ಲವೇ?

ಈ ಕೇಕನ್ನು ಮಾಡಿ ಮಾರಿರಿ ಎಂದು ನಾವು ಹೇಳುತ್ತಿಲ್ಲ. ಮಾರುವ ಮನಸ್ಸಿದ್ದವರು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಮೈದಾ, ಗ್ಯಾಸ್, ಪೊಟ್ಟಣ, ಕೊನೆಗೆ ತಮ್ಮ ದುಡಿಮೆಯ ಗಂಟೆಗಳನ್ನೂ ಸೇರಿಸಿ ಬೆಲೆ ಕಟ್ಟಬೇಕು. ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಬಂದದ್ದೆಲ್ಲ ಲಾಭವೆಂದು ತಿಳಿಯುವುದು ನಮ್ಮ ಮನೆಗಳ ಹಳೆಯ ರೋಗ.

ಕಡೆಯದಾಗಿ ಒಂದು ಮಾತು. ಅಕ್ರೋಟು ದುಬಾರಿ, ನಮ್ಮಲ್ಲಿ ಬೆಳೆಯುವುದೂ ಇಲ್ಲ. ಬದಲಿಗೆ ಮನೆಯ ಗೇರುಬೀಜ ಹಾಕಬಹುದೇ ಎಂದು ತಾವು ಕೇಳಬಹುದು. ಧಾರಾಳವಾಗಿ ಹಾಕಬಹುದು. ನಾವೂ ಹಾಕಿದೆವು, ಮಕ್ಕಳಿಗೆ ಅದೇ ಹೆಚ್ಚು ಹಿಡಿಸಿತು. ಆದರೆ ಆಗ ಅದನ್ನು ಹೊದುಗ್ವಾಜ ಎಂದು ಕರೆಯಬೇಡಿ. ಆ ಹೆಸರು ಚೊನಾನ್‌ನ ಅಕ್ರೋಟಿಗೆ ಸೇರಿದ್ದು. ನಮ್ಮ ಬೀಜ ಹಾಕಿದ ಮೇಲೆ ನಮ್ಮ ಊರಿನ ಹೆಸರನ್ನೇ ಇಡಿ.